ಗಿಟಾರಿಗೊಂದು ಗಂಟಲು ಹುಡುಕಿದ್ದು

ಮದುವೆಗೆ ಹೋದವರು ಮೊದಲು ಹೆಣ್ಣನ್ನು ನೋಡುತ್ತಾರೆ. ಆಮೇಲೆ ಗಂಡನ್ನು ನೋಡಿ ಹೆಣ್ಣಿನ ಬಗ್ಗೆ ಮರುಗುತ್ತಾರೆ. ಆಮೇಲೆ ಊಟದ ಪಂಕ್ತಿ ಯಾವ ಕಡೆ ಎಂದು ಕತ್ತು ಎತ್ತುತ್ತಾರೆ. ನಾನು ಮಾತ್ರ ನೇರವಾಗಿ ವೇದಿಕೆಯ ಬದಿಗೆ ನಿಲ್ಲಿಸಿದ ಸ್ಪೀಕರ್ ಬಾಕ್ಸುಗಳ ಹತ್ತಿರ ಹೋಗುತ್ತೇನೆ. ಜಾಲರಿಗೆ ಕಿವಿ ಹಚ್ಚುತ್ತೇನೆ. ಹಿಂದೆ ಹೋಗಿ, ಜ್ವರ ನೋಡುವ ಕಂಪೌಂಡರನ ಹಾಗೆ ಅದರ ಬೆನ್ನಿನ ಮೇಲೆ ಅಂಗೈ ಇಡುತ್ತೇನೆ. ಮೊನ್ನೆ ಬಸವನ ಬಾಗೇವಾಡಿಯ ಒಂದು ಮದುವೆಯಲ್ಲಿ ಹೀಗೆ ಬಾಕ್ಸಿನ ಬೆನ್ನು ಸವರುತ್ತ ನಿಂತಿದ್ದಾಗ ಹೆಣ್ಣಿನ ಸೋದರಮಾವ ಬಂದು ಬಲು ಮರ್ಯಾದೆಯಿಂದ ಕೇಳಿದರು.

“ತಾವು ಹೆಣ್ಣಿನ ಕಡ್ಯಾವ್ರೋ ಗಂಡಿನ ಕಡ್ಯಾವ್ರೋ?”

“ನಾ ಬಾಕ್ಸಿನ ಕಡ್ಯಾಂವ್ರಿ.”

ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, “ಹಂಗಾರ ಮದಲ ಊಟಾ ಮಾಡಿ ಬಿಡ್ರಿ, ಆಮ್ಯಾಲ ನಿಮಗ ಪುರಸೊತ್ತ ಸಿಗಂಗಿಲ್ಲ” ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಚಟಗಳಿಂದ ಲಾಭವಿಲ್ಲ ಎಂದು ಹೇಳುವವರಿಗೆ ಬಾಕ್ಸಿನ ಚಟ ಗೊತ್ತಿಲ್ಲ.

ಈ ಚಟ ನನಗೆ ಅಂಟಿಸಿದವನು ಮಹಿಬೂಬ. ಅವನ ಸುದ್ದಿಗೆ ಬರುವ ಮುಂಚೆ ನನ್ನ ಸುದ್ದಿ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಯಾರೂ ಕೇಳುವುದಿಲ್ಲ ಎಂಬ ಅನುಭವವಿದೆ.

ನಾನು ಈರಣ್ಣ, ಊರಿನವರ ಬಾಯಲ್ಲಿ ಈರ್ಯಾ, ಸಿಂದಗಿಯವನು. ಕಸುಬು ಮಿಮಿಕ್ರಿ. ಮಂದಿಯ ದನಿ ತೆಗೆಯುವುದು ನನಗೆ ಹುಟ್ಟಿನಿಂದ ಬಂದ ರೋಗ. ಸಾಲಿಯಲ್ಲಿ ಹೆಡ್ ಮಾಸ್ತರರ ಕೆಮ್ಮನ್ನು ಕೆಮ್ಮಿ ಇಡೀ ವರ್ಗ ಎದ್ದು ನಿಲ್ಲುವಂತೆ ಮಾಡುತ್ತಿದ್ದೆ. ಒಂದು ಸಲ ಇಂಡಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಚಾ ಕುಡಿಯಲು ಇಳಿದಿದ್ದಾಗ, ಹಿಂದಿನ ಸೀಟಿನಲ್ಲಿ ಕೂತು ಅವರ ಮೂಗುದನಿಯಲ್ಲೇ “ರೈಟ್ ರೈಟ್” ಎಂದೆ. ಡ್ರೈವರು ಪಾಪ, ನಂಬಿಗಸ್ಥ ಮನುಷ್ಯ. ಗಾಡಿ ಹೊರಟೇಬಿಟ್ಟಿತು. ಕಂಡಕ್ಟರು ಚಾದ ಬಸಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು ಹತ್ತಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ಅವರ ಆ ಓಟವನ್ನೂ ನಾನು ಆಮೇಲೆ ನಮ್ಮ ಓಣಿಯಲ್ಲಿ ಮಾಡಿ ತೋರಿಸಿದೆ. ಅವ್ವ ನಕ್ಕು ಸುಸ್ತಾಗಿ, ನಕ್ಕದ್ದಕ್ಕೆ ಸಿಟ್ಟು ಬಂದು, ನನಗೆ ಎರಡು ಬಿಟ್ಟಳು. ನನ್ನ ಕಲೆಗೆ ಸಿಕ್ಕ ಮೊದಲ ಸನ್ಮಾನ ಅದು.

ಒಂದೇ ಕೊರತೆ. ಎಲ್ಲರ ದನಿಯೂ ನನಗೆ ಬರುತ್ತದೆ, ನನ್ನದು ಯಾವುದೆಂದು ನನಗೇ ಖಾತ್ರಿ ಇಲ್ಲ. ಮನೆಯಲ್ಲಿ ಫೋನ್ ಎತ್ತಿ “ಹಲೋ” ಎಂದರೆ ಅವ್ವ, “ಯಾರ ಹಂಗ ಮಾತಾಡಾಕತ್ತೀಯೋ?” ಎಂದು ಕೇಳುತ್ತಾಳೆ.

ಇಂಥ ನನ್ನನ್ನು ಕರೆದು ಕೆಲಸ ಕೊಟ್ಟವರು ಶಿವಪುತ್ರಪ್ಪ ಕಾಕಾ. ಹಗಲು ಅವರದು ಬಟ್ಟೆ ಅಂಗಡಿ, ಸಂಜೆ ಆರ್ಕೆಸ್ಟ್ರಾ. ಮದುವೆ, ಸೀಮಂತ, ಸಾಲಿಯ ಗ್ಯಾದರಿಂಗು, ಯಾವುದಕ್ಕೆ ಕರೆದರೂ ನಮ್ಮ ಜೀಪು ಹೊರಡುತ್ತಿತ್ತು. ಮಾಲಕರೂ ಅವರೇ, ಗಾಯಕರೂ ಅವರೇ, ನಡುನಡುವೆ ಮೈಕು ಹಿಡಿದು ಬೀಗರ ವಂಶಾವಳಿ ಹೇಳುವವರೂ ಅವರೇ. ಸಂಗಮೇಶ ಎಂಬ ಸಂಗ್ಯಾ ಕೀಬೋರ್ಡು ಬಾರಿಸುತ್ತಿದ್ದ. ಹಾಡಿಗೂ ಹಾಡಿಗೂ ನಡುವೆ ಜನ ಎದ್ದು ಹೋಗದ ಹಾಗೆ ಹಿಡಿದಿಡುವ ಸುತಳಿ ನಾನು. ಮಹಿಬೂಬನದು ಗಿಟಾರು.

ಮಹಿಬೂಬನ ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಹಗಲೆಲ್ಲ ಅವನೂ ಅಲ್ಲೇ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂಡುತ್ತಿದ್ದ. ಮಾತು ಬಹಳ ಕಡಿಮೆ. ನಾನು ಆಡಿದ್ದರಲ್ಲಿ ಉಳಿದದ್ದನ್ನು ಅವನು ಆಡುತ್ತಿದ್ದ, ಅಂದರೆ ಏನೂ ಉಳಿಯುತ್ತಿರಲಿಲ್ಲ. ಸೊಲ್ಲಾಪುರದ ಅವನ ಮಾಮು ಒಂದು ಸಲ ಈದ್‌ಗೆ ಬಂದವರು ಅವನಿಗೊಂದು ಪುಟ್ಟ ಆಂಪ್ಲಿಫೈಯರ್ ತಂದುಕೊಟ್ಟರು. ಎರಡು ಇಟ್ಟಂಗಿ ಜೋಡಿಸಿ ಇಟ್ಟಷ್ಟು ಗಾತ್ರ. ಮೇಲೊಂದು ತಿರುವುವ ಗುಂಡಿ. ಹೀಗೆ ತಿರುವಿದರೆ ಹಳೆಯ ಕಾಲದ ಬಲ್ಬಿನ ಮಷೀನಿನ ಬೆಚ್ಚನೆ ದನಿ, ಇನ್ನೊಂದು ಸಲ ತಿರುವಿದರೆ ಆಳೆತ್ತರದ ಬಾಕ್ಸುಗಳ ಗುಡುಗು, ಮತ್ತೊಂದು ಸಲ ತಿರುವಿದರೆ ಹಿತ್ತಾಳೆಯ ತಟ್ಟೆಗೆ ಬೆರಳು ತಾಗಿಸಿದ ಹಾಗೆ ಝಣ್.

“ಇದಕ್ಕ ಮಾಡೆಲಿಂಗ್ ಆಂಪ್ ಅಂತಾರ” ಎಂದ ಮಹಿಬೂಬ. “ಇದರದು ಸ್ವಂತ ದನಿ ಇಲ್ಲ. ದೊಡ್ಡ ದೊಡ್ಡ ಆಂಪುಗಳ ದನಿ ತಗೀತೈತಿ.”

“ಲೇ, ಇದು ನನ್ನ ತಮ್ಮ ಇದ್ದಂಗ ಐತಲೇ” ಎಂದೆ. ಖರೇ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ನಾನು ಒಂದು ದನಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇಂಡಿಯ ಲಿಂಬಿಹಣ್ಣು ಹಿಂಡಿದ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಜನರ ಕಡೆ ಬೆನ್ನು ತಿರುಗಿಸಿ ನಿಲ್ಲಬೇಕು. ಇದಕ್ಕೆ ಬರೀ ಒಂದು ಗುಂಡಿ.

ಅದನ್ನು ಇಂಡಿಯ ಒಂದು ಮದುವೆಗೆ ಒಯ್ದೆವು. ವೇದಿಕೆಯ ಮೇಲೆ ಕುರ್ಚಿ ಹಾಕಿ, ಕುರ್ಚಿಯ ಮೇಲೆ ಅದನ್ನು ಕೂರಿಸಿದೆವು. ಸತ್ಕಾರಕ್ಕೆ ಕರೆದ ಅತಿಥಿಯ ಹಾಗೆ ಅದು ಕೊನೆಯವರೆಗೂ ಸುಮ್ಮನೆ ಕೂತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಕಾಕಾ ಮಹಿಬೂಬನನ್ನು ಕರೆದರು.

“ಲೇ, ಇವತ್ತ ನೀ ಬಾರಸಲಿಲ್ಲೇನು?”

“ಬಾರಸೇನ್ರಿ ಕಾಕಾ.”

“ಬರೇ ಕೈ ಆಡಸೂದ ಕಂಡೆ. ಬೆನ್ನ ಕೆರಕೋಳಾಕತ್ತಾನ ಅಂತ ಮಾಡಿದ್ದೆ.”

ಸಂಗ್ಯಾ ತನ್ನ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸುತ್ತ ಮೆಲ್ಲಗೆ ಎಂದ: “ಕಾಕಾ, ಇದರಾಗ ಗಿಟಾರ್ ಐತ್ರಿ. ಗುಂಡಿ ಒತ್ತಿದ್ರ ಬರತೈತಿ. ಅದಕ್ಕ ಜೀಪಿನಾಗ ಜಾಗಾನೂ ಬ್ಯಾಡ, ಊಟಾನೂ ಬ್ಯಾಡ.”

ಕಾಕಾ ಅದನ್ನು ಒಳ್ಳೆಯ ಮಾತೆಂದೇ ತೆಗೆದುಕೊಂಡರು. “ಹೂವಿನ ಹಿಪ್ಪರಗಿ ಮದಿವ್ಯಾಗ ನಿನ್ನ ಗಿಟಾರ್ ಕೇಳಬೇಕು ನೋಡು ಮಹಿಬೂಬ. ಕೇಳಲಿಲ್ಲಂದ್ರ ನೀ ಗಡಿಯಾರ ನೋಡ್ಕೊ, ಸಂಗ್ಯಾ ಗುಂಡಿ ನೋಡ್ಕೋತಾನ.”

ಮರುದಿನ ನಾನು ಅಂಗಡಿಗೆ ಹೋದೆ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರದು ಒಂದೊಂದು ಟೈಮು. ಮಹಿಬೂಬ ಕಣ್ಣಿನ ಮಸೂರ ತೆಗೆಯದೇ ಕೇಳಿದ. “ಈರ್ಯಾ, ನಾ ಗಿಟಾರ್ ಬಿಟ್ರ ಏನಾಕ್ಕೈತಿ?”

“ಏನಾಕ್ಕೈತಿ, ಊರಾನ ಗಡಿಯಾರ ಎಲ್ಲಾ ಬರೋಬ್ಬರಿ ನಡೀತಾವ.”

ಅವನು ನಗಲಿಲ್ಲ. ನನ್ನ ಚೇಷ್ಟೆಗೆ ಯಾವಾಗಲೂ ಮೊದಲು ನಗುವವನು ಅವನೇ. ಮಾತು ಕಡಿಮೆಯಾದವರ ನಗು ದೊಡ್ಡದಿರುತ್ತದೆ. ಆಗ ನನಗೆ ತಿಳಿಯಿತು. ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಗಿಟಾರು ಬಾರಿಸುವವನಿಗೆ ನಿಲ್ಲಲು ಇದ್ದ ಜಾಗ ಒಂದೇ: ಕಾಕಾರ ಆರ್ಕೆಸ್ಟ್ರಾದಲ್ಲಿ, ಸಂಗ್ಯಾನ ಕೀಬೋರ್ಡಿನ ಹಿಂದೆ, ಪರದೆಗೆ ಬೆನ್ನು ತಾಗಿಸಿ. ಅದೂ ಹೋದರೆ ಅವನು ಗಿಟಾರನ್ನು ಮನೆಯ ಗೋಡೆಗೆ ನೇತುಹಾಕಬೇಕು, ನಿಂತುಹೋದ ಗಡಿಯಾರದ ಹಾಗೆ.

ಆಂಪಿನ ಬೆನ್ನಿನಲ್ಲಿ ಒಂದು ತೂತಿತ್ತು. ಅಲ್ಲಿಂದ ವೈರು ಎಳೆದು ದೊಡ್ಡ ಸ್ಪೀಕರ್ ಬಾಕ್ಸಿಗೆ ಕೊಟ್ಟರೆ ಆಯಿತು ಎಂದು ಮಹಿಬೂಬ ಹೇಳಿದ. ಮೈಕ್ ಸೆಟ್ಟಿನವರ ಮಷೀನಿಗೇ ಯಾಕೆ ಕೊಡಬಾರದು ಎಂದು ನೀವು ಕೇಳಬಹುದು. ಹಾಗೆ ಕೇಳಿದರೆ ನೀವು ನಮ್ಮ ಕಡೆಯ ಮೈಕ್ ಸೆಟ್ಟಿನವರನ್ನು ನೋಡಿಲ್ಲ. ಆ ಮಷೀನಿನ ಮೇಲೆ ಟವೆಲ್ಲು ಹೊದಿಸಿ, ಊದುಬತ್ತಿ ಬೆಳಗಿ, ಪಕ್ಕದಲ್ಲಿ ಕೂತಿರುತ್ತಾರೆ. ಹತ್ತಿರ ಹೋದರೆ, “ಕೈ ಹಚ್ಚಬ್ಯಾಡ್ರಿ” ಎನ್ನುತ್ತಾರೆ, ಕೂಸಿಗೆ ದೃಷ್ಟಿ ತಾಗೀತು ಎಂಬ ದನಿಯಲ್ಲಿ. ಹಾಗಾಗಿ ನಮಗೆ ಬೇಕಾದದ್ದು ತನ್ನ ಹೊಟ್ಟೆಯೊಳಗೇ ಮಷೀನು ಇಟ್ಟುಕೊಂಡ ಬಾಕ್ಸು. ಪವರ್ಡ್ ಬಾಕ್ಸ್ ಎನ್ನುತ್ತಾರೆ. ಯಾರ ಹಂಗೂ ಇಲ್ಲದ್ದು.

ಸಿಂದಗಿಯಲ್ಲಿ ಅಂಥದ್ದನ್ನು ಸ್ವತಃ ಜೋಡಿಸಿ ಬಾಡಿಗೆಗೆ ಕೊಡುತ್ತಿದ್ದವರು ಮೈಕ್ ಸೆಟ್ಟಿನ ಮಲ್ಲಪ್ಪಣ್ಣ. ಅವರ ಅಂಗಡಿಯಲ್ಲಿ ಬಾಕ್ಸು ಆರಿಸುವುದಕ್ಕೆ ಒಂದು ಪದ್ಧತಿ ಇತ್ತು. ಅವರ ಅಪ್ಪನ ಕಾಲದಿಂದ ಬಂದದ್ದು, ಸುತ್ತಲಿನ ತಾಲೂಕುಗಳ ಮೈಕ್ ಸೆಟ್ಟಿನವರೆಲ್ಲ ಒಪ್ಪಿದ್ದು. ಬಾಕ್ಸನ್ನು ಊರ ಹೊರಗೆ ತಂದಿಟ್ಟು ಹಾಡು ಹಚ್ಚುವುದು. ಒಬ್ಬ ಮನುಷ್ಯ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎರೆಹೊಲದ ದಾರಿಯಲ್ಲಿ ನಡೆಯುತ್ತ ಹೋಗುವುದು. ಕೇಳುವುದು ನಿಂತ ಜಾಗದಲ್ಲಿ ಅವನು ಟವೆಲ್ಲು ಬೀಸುವುದು. ಟವೆಲ್ಲು ದೂರದಲ್ಲಿ ಸಣ್ಣಗೆ ಕಂಡಷ್ಟೂ ಬಾಕ್ಸು ದೊಡ್ಡದು.

ನಾವೂ ಹಾಗೇ ಮಾಡಿದೆವು, ಹಾಡಿನ ಬದಲು ಮಹಿಬೂಬನ ಗಿಟಾರು. ಟವೆಲ್ಲಿನ ಮನುಷ್ಯ ನಾನು. ಮೊದಲ ಬಾಕ್ಸಿಗೆ ಬೇವಿನ ಗಿಡದ ಹತ್ತಿರ ಬೀಸಿದೆ. ಎರಡನೆಯದಕ್ಕೆ ಹಳ್ಳದ ದಂಡೆಯಲ್ಲಿ ಬೀಸಿದೆ. ಮೂರನೆಯದಕ್ಕೆ ಮೇಲೊಂದು ಭೋಂಗಾ ಇತ್ತು. ಕೊಡದ ಬಾಯಿಯಷ್ಟು ಅಗಲದ ತಗಡಿನ ಹಾರ್ನು. ನಡೆದೆ, ನಡೆದೆ, ಗಿಟಾರು ಬೆನ್ನು ಬಿಡಲೊಲ್ಲದು. ಹಳ್ಳ ದಾಟಿದೆ. ತೊಗರಿಯ ಹೊಲ ದಾಟಿದೆ. ಕಡೆಗೆ ಅದು ಕೇಳುವುದು ನಿಂತಿತು, ಟವೆಲ್ಲು ಬೀಸಿದೆ, ಆದರೆ ಅಷ್ಟು ದೂರದಿಂದ ಅದು ಅವರಿಗೆ ಕಾಣಲೇ ಇಲ್ಲ. ನಾನು ಬೀಸುತ್ತಲೇ ನಿಂತೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಅಜ್ಜಿ, “ಯಪ್ಪಾ, ಜೇನಹುಳ ಬೆನ್ನ ಹತ್ತ್ಯಾವೇನು?” ಎಂದು ಕೇಳಿ, ನನ್ನಿಂದ ದೂರ ಸರಿದಳು.

ತಿರುಗಿ ಬಂದಾಗ ಮಲ್ಲಪ್ಪಣ್ಣನ ಎದೆ ಉಬ್ಬಿತ್ತು. “ಟವೆಲ್ ಕಾಣಲಿಲ್ಲಂದ್ರ ಮುಗೀತು. ಇನ್ನೇನ್ ಬೇಕೋ ತಮ್ಮಾ?”

ಮಹಿಬೂಬ ಏನೋ ಹೇಳಲು ಬಾಯಿ ತೆಗೆದ. “ಈರ್ಯಾ, ದೂರ ಹೋತು ಖರೇ, ಆದ್ರ ದನಿ—”

“ದನಿ ಗಿನಿ ಬಿಡೋ. ಕಾಕಾ ಏನಂದಾರ? ಕೇಳಬೇಕಂದಾರ. ಕೇಳತೈತಿ” ಎಂದೆ. ಊರಿಗೆಲ್ಲ ಬುದ್ಧಿ ಹೇಳುವ ಉಮೇದಿ ನನಗೆ ಅಂಥ ಹೊತ್ತಿನಲ್ಲೇ ಬರುತ್ತದೆ.

ಹೂವಿನ ಹಿಪ್ಪರಗಿಯಲ್ಲಿ ಅಕ್ಷತೆ ಬಿದ್ದು, ಹುಗ್ಗಿಯ ಊಟವಾಗಿ, ಜನ ಬಿಸಿಲು ಇಳಿಯುವ ಹೊತ್ತಿಗೆ ಚಪ್ಪರದಡಿ ಬಂದು ಕೂತರು. ಕಾಕಾ ಮೊದಲ ಹಾಡು ಎತ್ತಿದರು. ಮಹಿಬೂಬ ತಂತಿ ಮೀಟಿದ. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಮಲಗಿದ್ದ ಕೂಸುಗಳೆಲ್ಲ ಒಮ್ಮೆಲೇ ಎಚ್ಚೆತ್ತು ಅಳತೊಡಗಿದವು. ಭೋಂಗಾದಿಂದ ಬರುತ್ತಿದ್ದದ್ದು ಗಿಟಾರಲ್ಲ, ತಗಡು ಕತ್ತರಿಸುವ ಸದ್ದು. ಮಹಿಬೂಬ ಆಂಪಿನ ಗುಂಡಿ ತಿರುವಿದ. ಬೆಚ್ಚನೆ ದನಿ ಅಂದದ್ದು ತಗಡು, ಗುಡುಗು ಅಂದದ್ದು ತಗಡು, ಝಣ್ ಅಂದದ್ದೂ ತಗಡು. ಹೆಣ್ಣುಮಕ್ಕಳು ಸೆರಗಿನಿಂದ ಕಿವಿ ಮುಚ್ಚಿದರು. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಮಾನಪಾನದಲ್ಲಿ ಏನಾದರೂ ಕಡಿಮೆಯಾಗಿ ಇದು ಅದರ ಸೇಡೋ ಎಂಬಂತೆ.

ನಡುವೆ ಒಬ್ಬ ಮುದುಕರು ಕೈಯಲ್ಲಿ ಬಾರುಕೋಲು ಹಿಡಿದುಕೊಂಡು ನೇರ ವೇದಿಕೆಯ ಹತ್ತಿರ ಬಂದರು. ಹೊಡೆಯಲು ಬಂದರೆಂದು ನಾನು ಸಂಗ್ಯಾನ ಹಿಂದೆ ಸರಿದೆ. ಅವರು ಮಹಿಬೂಬನಿಗೆ ಬಲು ವಾತ್ಸಲ್ಯದಿಂದ ಹೇಳಿದರು. “ತಮ್ಮಾ, ಅಲ್ಲಿ ನನ್ನ ಹೊಲದಾಗ ನಿಂತಾಗ ಭಾಳ ಚಲೋ ಕೇಳಾಕತ್ತಿತ್ತು. ಅದಕ್ಕಂತ ಹೊಲಾ ಬಿಟ್ಟ ಬಂದೆ. ಇಲ್ಲಿ ಬಂದ ಮ್ಯಾಲ ಕೆಟ್ಟೈತಿ ನೋಡು.”

ಆಗ ನನ್ನ ಮಂದ ತಲೆಗೆ ಹೊಳೆಯಿತು. ಟವೆಲ್ಲಿನ ಪರೀಕ್ಷೆಯಲ್ಲಿ ತಪ್ಪೇನೂ ಇರಲಿಲ್ಲ. ಕರೆಂಟ್ ಬಿಲ್ ತುಂಬಲು ಕೊನೆಯ ದಿನ ಎಂದು ಹೊಲದಲ್ಲಿ ಇರುವವನಿಗೂ ತಿಳಿಸಬೇಕಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ನಾವು ಗಿಟಾರನ್ನು ಹೊಲದಲ್ಲಿರುವವರಿಗಾಗಿ ಆರಿಸಿ, ಚಪ್ಪರದಲ್ಲಿರುವವರ ಮುಂದೆ ಬಾರಿಸಿದ್ದೆವು.

ವಾಪಸು ಬರುವಾಗ ಜೀಪಿನಲ್ಲಿ ಕಾಕಾ ಹಿಂದೆ ತಿರುಗದೆ ಮಾತಾಡಿದರು. “ಮುಂದ ತಾಂಬಾ ಊರಾನ ಮದಿವಿಗೆ ನೀ ಬರೂದ ಬ್ಯಾಡ ಮಹಿಬೂಬ. ಸಿಟ್ಟಾಗಬ್ಯಾಡ. ಇಂಡ್ಯಾಗ ಕೇಳಲಿಲ್ಲ, ತಡಕೊಂಡೆ. ಇವತ್ತ ಕೇಳಿತು, ಅದನ್ನ ತಡಕೋಳ್ಳಾಕ ಆಗಲಿಲ್ಲ.”

ಮಹಿಬೂಬ “ಆತ್ರಿ ಕಾಕಾ” ಎಂದ. ಅಷ್ಟೇ. ಬಾಕ್ಸು ಆರಿಸಿದವನು ನಾನು, ಜಾಗ ಹೋದದ್ದು ಅವನದು. ನನಗೆ ಯಾರ ದನಿಯೂ ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಗಂಟಲು ಸರಿಮಾಡಿಕೊಂಡು ಬೇಡಿಕೊಂಡೆ. “ಕಾಕಾ, ಈ ಐತವಾರ ನಿಮ್ಮ ಮನ್ಯಾಗ ಪ್ರಾಕ್ಟೀಸ್ ಐತೆಲ್ರಿ. ಬ್ಯಾರೆ ಬಾಕ್ಸ್ ತರ್ತೇವಿ. ಒಂದ ಸಲ ಕೇಳ್ರಿ. ಬ್ಯಾಡಂದ್ರ ಬ್ಯಾಡ.”

“ತರ್ರಿ. ಮನಿ ಗ್ವಾಡಿ ಬಿರದ್ರ ನೀನ ಕಟ್ಟಿಸಿಕೊಡಬೇಕು.”

ಆ ವಾರ ಮಹಿಬೂಬನ ಅಪ್ಪನ ಲೂನಾ ಮೇಲೆ ನಾವು ತಿರುಗಿದ್ದಕ್ಕೆ ಮಿತಿಯಿಲ್ಲ. ಅವನು ನಡೆಸುವುದು, ನಾನು ಹಿಂದೆ ಆಂಪನ್ನು ತೊಡೆಯ ಮೇಲಿಟ್ಟು, ಗಿಟಾರು ಅಪ್ಪಿಕೊಂಡು ಕೂಡುವುದು. ದಾರಿಯಲ್ಲಿ ಕಂಡವರೆಲ್ಲ, “ಯಾರಿಗೆ ಆರಾಮಿಲ್ಲ?” ಎಂದು ಕೇಳುತ್ತಿದ್ದರು, ಏಕೆಂದರೆ ಗಿಟಾರಿಗೆ ಮಹಿಬೂಬನ ಅಮ್ಮಿ ಹೊದೆಯುವ ದುಪ್ಪಡಿ ಸುತ್ತಿಕೊಟ್ಟಿದ್ದಳು. ಇಂಡಿಯ ಒಂದು ಅಂಗಡಿಯಲ್ಲಿ ಬಾಕ್ಸನ್ನು ತೂಕದ ಮೇಲೆ ಹೊಗಳಿದರು. “ಎತ್ತಿ ನೋಡ್ರಿ, ನೆಲಾ ಬಿಡಂಗಿಲ್ಲ” ಎಂದರು. ಎತ್ತಿದೆವು, ಬಿಡಲಿಲ್ಲ. ಅದರ ಮುಖದ ಮೇಲೆ ಕೆಂಪು, ಹಸಿರು ದೀಪಗಳು ಕುಣಿಯುತ್ತಿದ್ದವು. ತಂತಿ ಮೀಟಿದರೆ ಎದೆಯೊಳಗೆ ಧಡ್ ಎನ್ನುತ್ತಿತ್ತು. ರಾಗ ಎಲ್ಲಿ ಹೋಯಿತೆಂದು ಹುಡುಕಬೇಕು. ಬೇರೇನೂ ಸಿಗದಿದ್ದರೆ ಎಂಬ ಹೆದರಿಕೆಯಿಂದ ಅದನ್ನೂ ಒಂದು ದಿನದ ಮಟ್ಟಿಗೆ ಹೇಳಿಟ್ಟು ಬಂದೆವು.

ಮುದ್ದೇಬಿಹಾಳದಲ್ಲಿ ಮಹಿಬೂಬನ ದೂರದ ಸಂಬಂಧಿ ದಸ್ತಗೀರ ಭಾಯ್ ಎಂಬವರು ಮದುವೆಯ ವೀಡಿಯೊ ಮಾಡುತ್ತಿದ್ದರು. ಅವರ ಸ್ಟುಡಿಯೊದ ಮೂಲೆಯಲ್ಲಿ ಒಂದು ಕರಿ ಬಾಕ್ಸು ಮುಖ ಗೋಡೆಗೆ ಮಾಡಿ ಕೂತಿತ್ತು. ದೀಪವಿಲ್ಲ, ಭೋಂಗಾ ಇಲ್ಲ, ಮುಖದ ಮೇಲೆ ಒಂದು ಸ್ಟಿಕ್ಕರೂ ಇಲ್ಲ. ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು.

“ಅದರದು ತಂಟೆ ಬ್ಯಾಡ” ಎಂದರು ದಸ್ತಗೀರ ಭಾಯ್. “ಹೊಟ್ಟ್ಯಾಗ ಮಷೀನ್ ಇರೂದ ಐತಿ, ಆದ್ರ ಅದರಷ್ಟ ಮನಿಮುರಕ ಬಾಕ್ಸ್ ಇನ್ನೊಂದಿಲ್ಲ. ಹಾಡಿದವ್ರಿಗೆ ಅವರ ಹಾಡ ಇದರಾಗ ಹಚ್ಚಿ ಕೇಳಿಸಿದೆ. ಒಬ್ಬರು ಎದ್ದ ಹೋದ್ರು, ಒಬ್ಬರು ಅತ್ರು, ಒಬ್ಬರು ನೀನ ನನ್ನ ದನಿ ಕೆಡಿಸಿದಿ ಅಂತ ಜಗಳಾ ತಗದ್ರು. ಬೇಸ್ ಏರಸಂಗಿಲ್ಲ, ಮಸಾಲಿ ಹಾಕಂಗಿಲ್ಲ. ಇದ್ದದ್ದು ಇದ್ದಂಗ ಹೇಳತೈತಿ. ಅಂಥಾದ್ದನ್ನ ಯಾರು ಬಾಡಿಗಿಗೆ ಒಯ್ತಾರೋ?”

ಮಹಿಬೂಬ ಹೂವಿನ ಕುಂಡ ಇಳಿಸಿದ, ಬಾಕ್ಸಿನ ಮುಖ ತಿರುಗಿಸಿದ, ಒಂದು ತಂತಿ ಮೀಟಿದ. ಆಮೇಲೆ ಆಂಪಿನ ಗುಂಡಿ ತಿರುವಿ ಮತ್ತೊಮ್ಮೆ ಮೀಟಿದ. ಬೇರೆಯೇ ದನಿ. ಮತ್ತೆ ತಿರುವಿದ, ಮತ್ತೆ ಬೇರೆ. ಆಂಪು ಯಾರ ವೇಷ ಹಾಕಿತೋ ಅದೇ ವೇಷ ಹೊರಗೆ ಬಂತು.

ನಾನು ಕಸುಬಿನವನು, ನನಗೆ ಚಟ್ಟನೆ ಅರ್ಥವಾಯಿತು. ದನಿ ತೆಗೆಯುವವನ ಗಂಟಲು ಖಾಲಿ ಇರಬೇಕು. ನನಗೆ ನೆಗಡಿ ಬಂದರೆ ಹೆಡ್ ಮಾಸ್ತರರಿಗೂ ನೆಗಡಿ, ಕಂಡಕ್ಟರಿಗೂ ನೆಗಡಿ, ತೆಗೆದ ದನಿಗೆಲ್ಲ ನೆಗಡಿ. ಭೋಂಗಾಕ್ಕೆ ಹುಟ್ಟಿನಿಂದ ನೆಗಡಿ. ದೀಪದ ಬಾಕ್ಸಿಗೆ ಗಂಟಲಬಾವು. ಈ ಮನೆಮುರುಕ ಒಂದೇ ಆರೋಗ್ಯವಾಗಿತ್ತು. ಹಾಗೆಂದು ಹೇಳಿದೆ. ಇಂಡಿಯ ಮದುವೆಯ ನಂತರ ಮಹಿಬೂಬ ಮೊದಲ ಸಲ ನಕ್ಕ.

ಐತವಾರ ಮುಂಜಾನೆ ಕಾಕಾರ ಪಡಸಾಲೆಯಲ್ಲಿ ಮೂರೂ ಬಾಕ್ಸುಗಳು ಹೆಣ್ಣು ನೋಡಲು ಬಂದ ಬೀಗರ ಹಾಗೆ ಸಾಲಾಗಿ ಕೂತವು. ಭೋಂಗಾವನ್ನು ಮಲ್ಲಪ್ಪಣ್ಣ ಹಟದಿಂದ ಕಳಿಸಿದ್ದರು. ಕಾಕಾ ಸಂತೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ಗುರುಬಾಯಿ ಕಾಕಿ, ಅಂದರೆ ಕಾಕಾರ ಹೆಂಡತಿ, ರೊಟ್ಟಿ ಬಡಿಯುತ್ತಿದ್ದರು. ಕಾಕಾ ಬರುವತನಕ ಸುಮ್ಮನೆ ಕೂಡುವುದು ನನ್ನ ಜಾಯಮಾನದಲ್ಲಿಲ್ಲ.

ಮೈಕಿನ ವೈರನ್ನು ಭೋಂಗಾದ ಬಾಕ್ಸಿಗೆ ಸಿಕ್ಕಿಸಿ, ಕಾಕಾರ ದನಿಯಲ್ಲಿ ಕರೆದೆ. “ಏ ಇಕಿನ, ಚಾ ತಾ ಜರಾ.”

ಒಳಗಿಂದ ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. “ಈರ್ಯಾ, ನಿನ್ನ ಕಿವಿ ಹಿಂಡ್ತೇನಿ ನೋಡು. ತಗಡ ಬಡದಂಗ ಕೇಳತೈತಿ.”

ದೀಪದ ಬಾಕ್ಸಿಗೆ ಸಿಕ್ಕಿಸಿ ಮತ್ತೆ ಕರೆದೆ. “ಯಾರೋ ಅದು, ಹಗೇವದ ಕುಣ್ಯಾಗ ಬಿದ್ದಂಗ ಒದರಾಕತ್ತೀರಿ?” ಎಂದರು ಕಾಕಿ.

ಸಂಗ್ಯಾ ಕೀಬೋರ್ಡಿನ ಮೇಲೆ ತಲೆ ಇಟ್ಟು ನಗುತ್ತಿದ್ದ. ಮೂರನೆಯದಕ್ಕೆ ಸಿಕ್ಕಿಸಿದೆ. ಅದೇ ದನಿ, ಅದೇ ಮಾತು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. “ಬಂದ್ರೇನ್ರಿ? ಕುಂದರ್ರಿ, ತಂದೆ” ಎಂದು ಉತ್ತರ ಬಂತು, ಅದರ ಹಿಂದೆಯೇ ಬಸಿಯ ಮೇಲೆ ಕಪ್ಪು ಇಟ್ಟುಕೊಂಡು ಕಾಕಿಯೂ ಬಂದರು, ಸೆರಗು ಸರಿ ಮಾಡಿಕೊಳ್ಳುತ್ತ. ಪಡಸಾಲೆಯಲ್ಲಿ ಗಂಡ ಇಲ್ಲ, ನಾವು ಮೂವರು ಹಲ್ಲು ಕಿಸಿಯುತ್ತ ನಿಂತಿದ್ದೇವೆ. ಸರಿಯಾಗಿ ಆಗಲೇ ಕಾಕಾ ಸಂತೆಯ ಚೀಲ ಹಿಡಿದು ಹೊಸ್ತಿಲು ದಾಟಿದರು.

“ಚಾ ಯಾರಿಗೆ?”

“ನಿಮಗ. ನೀವ ಕೇಳಿದ್ರಲ್ಲ” ಎಂದರು ಕಾಕಿ, ಬಾಕ್ಸನ್ನೂ ಗಂಡನನ್ನೂ ನೋಡುತ್ತ.

“ನಾ ಈಗ ಬಂದೇನಿ.”

ಕಾಕಾ ಚೀಲ ಇಳಿಸಿದರು. “ಏನಂದಿ ಈರ್ಯಾ? ಮತ್ತ ಅನ್ನು.”

“ಬ್ಯಾಡ್ರಿ ಕಾಕಾ.”

“ಅನ್ನು ಅಂದ್ರ ಅನ್ನು.”

ಅಂದೆ. ಕಾಕಾ ಬಾಕ್ಸಿನ ಮುಂದೆ ಮಂಡಿಯೂರಿ ಕೂತು ಕೇಳಿದರು. ಜೀವಮಾನವಿಡೀ ತಮ್ಮ ದನಿಯನ್ನು ಭೋಂಗಾಗಳ ಗುಡುಗಿನಲ್ಲಿ ಕೇಳಿದವರು ಅವರು. ಅದರೊಳಗೆ ಇಷ್ಟೊಂದು ಮೂಗು ಇದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

“ನನ್ನ ದನಿ ಹಿಂಗ ಐತೇನು?”

ಕಾಕಿ, “ಲಗ್ನ ಆದಾಗಿಂದ ಹಿಂಗ ಐತಿ. ನನಗ ರೂಢಿ ಆಗೇತಿ” ಎಂದರು.

ಕಾಕಾರ ಮುಖ ಸಣ್ಣದಾಯಿತು. “ಆ ಬಾಕ್ಸ್ ತಗೀರಿ. ಪ್ರಾಕ್ಟೀಸ್ ಬ್ಯಾಡ ಇವತ್ತ.”

ಆಗ ನಾನು ಮಾಡಿದ್ದೇನೆಂದು ನನಗೆ ಗೊತ್ತಾಯಿತು. ಒಂದು ಕಪ್ಪು ಚಾದ ಚೇಷ್ಟೆಗಾಗಿ ಮಹಿಬೂಬನ ಉಳಿದ ಒಂದೇ ಅವಕಾಶವನ್ನು ಬಚ್ಚಲಿಗೆ ಚೆಲ್ಲಿದ್ದೆ. “ಕಾಕಾ, ತಪ್ಪ ನಂದ್ರಿ, ನನ್ನ ಬೈರಿ, ಅಂವಂದೇನಿಲ್ಲ” ಎಂದೆ, ಅದೂ ಕಾಕಾರ ದನಿಯಲ್ಲೇ ಬಂತು; ಗಂಟಲು ಇನ್ನೂ ತಿರುಗಿರಲಿಲ್ಲ. ಕಾಕಾ ಇನ್ನಷ್ಟು ಕೆಂಪಾದರು.

ಮಹಿಬೂಬ ನನ್ನ ಕೈಯಿಂದ ಮೈಕಿನ ವೈರು ತೆಗೆದುಕೊಂಡು ಕಿತ್ತ. ಬಾಕ್ಸನ್ನು ಒಯ್ಯಲಿಕ್ಕೆಂದೇ ನಾವು ತಿಳಿದೆವು. ಅವನು ಅಲ್ಲಿ ತನ್ನ ಆಂಪಿನ ವೈರು ಸಿಕ್ಕಿಸಿದ. ಕಾಕಾ ಪ್ರತಿ ಕಾರ್ಯಕ್ರಮದಲ್ಲಿ ಮೊದಲಿಗೆ ಹಾಡುವ ಹಾಡು ಒಂದಿತ್ತು, ಅವರೇ ರಾಗ ಹಾಕಿದ್ದು. ಅದನ್ನು ಎತ್ತಿಕೊಂಡ. ತಲೆ ತಗ್ಗಿಸಿ, ಯಾರನ್ನೂ ನೋಡದೆ, ಗಡಿಯಾರದ ಮುಳ್ಳು ಕೂರಿಸುವಷ್ಟು ಮೆತ್ತಗೆ. ಒಂದು ಸಾಲು ಬಾರಿಸಿದ, ಆಮೇಲೆ ಬಿಟ್ಟ. ಅಲ್ಲಿ ದನಿ ಬರಬೇಕು. ಅದಕ್ಕೆ ಜಾಗ ಇಟ್ಟು ಕಾದ.

ಕಾಕಾ ಬಾಗಿಲ ಕಡೆ ಹೊರಟವರು. ಆದರೆ ರೂಢಿ ಕೆಟ್ಟದ್ದು. ಆ ಜಾಗ ಬಂದರೆ ಅವರ ಬಾಯಿ ತಾನೇ ತೆರೆಯುತ್ತದೆ. ಮೈಕಿಲ್ಲದೆ, ಅಲ್ಲೇ ನಿಂತು ಹಾಡಿದರು. ಸಾಲಿನ ಕೊನೆಯಲ್ಲಿ ಅವರ ದನಿ ಇಳಿಯುವ ಕಡೆ ಗಿಟಾರು ಸಣ್ಣಗೆ ಏರಿ ಹಿಡಿದುಕೊಂಡಿತು, ಮೆಟ್ಟಿಲು ಇಳಿಯುವ ಹಿರಿಯರ ಮೊಳಕೈಗೆ ಹುಡುಗರು ಕೈ ಕೊಡುವ ಹಾಗೆ. ಕಾಕಾ ತಿರುಗಿ ನೋಡಿದರು. ಇನ್ನೊಂದು ಸಾಲು ಹಾಡಿದರು, ಬೇಕೆಂದೇ ಸ್ವಲ್ಪ ಬೇರೆ ರೀತಿ ಇಳಿದರು. ಅಲ್ಲಿಯೂ ಕೈ ಬಂತು. ಕಾಕಿ ಚಾದ ಬಸಿ ಹಿಡಿದುಕೊಂಡೇ ಕೂತುಬಿಟ್ಟರು. ಸಂಗ್ಯಾ ಗುಂಡಿಯ ಮೇಲಿದ್ದ ಬೆರಳು ತೆಗೆದ.

ಹಾಡು ಮುಗಿಯಿತು. ಕಾಕಾ ಆ ಪುಟ್ಟ ಆಂಪನ್ನು, ಕರಿ ಬಾಕ್ಸನ್ನು, ಮಹಿಬೂಬನನ್ನು ನೋಡಿದರು.

“ಈ ಕೊನಿಕೊನಿಗೆ ಬಾರಸ್ತಿಯಲ್ಲ, ಇದು ಹೊಸಾದ್ದೇನು?”

“ಇಲ್ರಿ ಕಾಕಾ. ಮದಲಿನಿಂದ ಬಾರಸ್ತೇನ್ರಿ.”

“ಇಂಡ್ಯಾಗೂ?”

“ಹೌದ್ರಿ.”

“ಹಿಪ್ಪರಗ್ಯಾಗೂ?”

“ಹೌದ್ರಿ.”

ಕಾಕಾ ಆರಿದ ಚಾ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದರು. “ಬಾಕ್ಸ್ ಇರಲಿ. ಆದ್ರ ನನ್ನ ಮೈಕಿನ ವೈರ್ ಅದರ ಹತ್ರ ತಂದ್ರ ಈರ್ಯಾನ ಹಲ್ಲ ಮುರೀತೇನಿ. ಗಿಟಾರ್ ಖರೇ ಹೇಳಲಿ. ನನಗ ಭೋಂಗಾ ಸಾಕು.”

ಕೆಲಸ ಆಯಿತೆಂದು ನಾನು ಕುಣಿದಾಡಿದೆ. ಮಹಿಬೂಬ ಮಾತ್ರ ನಂಬಲಿಲ್ಲ. ಕಾಕಾ “ಬಾಕ್ಸ್ ಇರಲಿ” ಎಂದರೇ ಹೊರತು “ನೀ ಬಾ” ಎಂದಿರಲಿಲ್ಲ. ತಾಂಬಾಕ್ಕೆ ಹೋಗುವ ದಿನ ಜೀಪಿನ ಹತ್ತಿರ ಬಂದು, ಹತ್ತದೆ, ಗಿಟಾರಿನ ದುಪ್ಪಡಿಯ ಗಂಟು ಬಿಚ್ಚಿ ಕಟ್ಟುತ್ತ ನಿಂತಿದ್ದ. ನಾನೇ ಎಳೆದು ಹತ್ತಿಸಿದೆ. ದಾರಿಯುದ್ದಕ್ಕೂ ಬಾಕ್ಸು ಅವನ ಮಡಿಲಲ್ಲೇ ಇತ್ತು. ಎಲ್ಲಾದರೂ ಇಳಿ ಎಂದರೆ ಇಬ್ಬರೂ ಒಟ್ಟಿಗೇ ಇಳಿಯುವ ತಯಾರಿಯಲ್ಲಿ.

ತಾಂಬಾದ ಚಪ್ಪರದಲ್ಲಿ ನಾವು ಸಾಮಾನು ಇಳಿಸುವಷ್ಟರಲ್ಲಿ ಕಾಕಾ ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿದ್ದರು. ಸಂಗ್ಯಾ ಎಂದಿನ ಜಾಗದಲ್ಲಿ, ನಟ್ಟನಡುವೆ, ಕೀಬೋರ್ಡಿನ ಸ್ಟ್ಯಾಂಡು ಬಿಚ್ಚುತ್ತಿದ್ದ. ಮಹಿಬೂಬ ರೂಢಿಯಂತೆ ಹಿಂದಿನ ಪರದೆಯ ಕಡೆ ಹೊರಟ.

“ಎಲ್ಲಿ ನಡದಿಯೋ?” ಎಂದರು ಕಾಕಾ.

“ಹಿಂದ ನಿಲ್ತೇನ್ರಿ ಕಾಕಾ.”

“ಹಿಂದ ನಿಂತ್ರ ಸಾಲಿನ ಕೊನಿಗೆ ನಾ ಯಾರನ್ನ ನೋಡಿ ಇಳೀಬೇಕು?” ಕಾಕಾ ತಮ್ಮ ಮೈಕಿನ ಪಕ್ಕ ಎರಡೂ ಕೈ ಚಾಚಿ, ಬಾಕ್ಸಿಗೆ ಇಷ್ಟು, ಗಿಟಾರಿಗೆ ಇಷ್ಟು, ಕೈ ಆಡಿಸಲು ಇನ್ನಷ್ಟು ಎಂದು ಅಳೆದರು, ಬಟ್ಟೆ ಅಂಗಡಿಯವರಲ್ಲವೇ. ಅಳೆದು ಮುಗಿಸಿ ಸಂಗ್ಯಾನ ಕಡೆ ನೋಡಿದರು. “ಸಂಗ್ಯಾ, ನಿನ್ನ ಪೆಟಗಿ ಅತ್ತ ಸರಸು.”

ಸಂಗ್ಯಾ ಸರಿಸಿದ. ಮಹಿಬೂಬ ಬಂದು ನಿಂತ.